ಪಾಸ್ಕಕ್ಕೆ ಮೊದಲಿನ ಕುಮ್ಸಾರ್

ಪಾಸ್ಕಕ್ಕೆ, ಅಂದರೆ ಈಸ್ಟರಿಗೆ, ಒಂದು ವಾರ ಮುಂಚಿನ ಗರಿಗಳ ಭಾನುವಾರ ಕಳೆಯಿತೆಂದರೆ ಮಂಗಳೂರಿನ ಕಥೊಲಿಕ ಇಗರ್ಜಿಗಳಲ್ಲಿ ಕುಮ್ಸಾರಿನ, ಅಂದರೆ ಪಾದ್ರಿಗಳ ಮುಂದೆ ಪಾಪ ಹೇಳಿ ಕ್ಷಮೆ ಪಡೆಯುವವರ, ಸಾಲು ಬಾಗಿಲಿನವರೆಗೂ ಬಂದಿರುತ್ತದೆ. ವರ್ಷವಿಡೀ ಆ ಕಡೆ ತಲೆ ಹಾಕದವರೂ ಆ ನಾಲ್ಕು ದಿನಗಳಲ್ಲಿ ಬರುತ್ತಾರೆ. ಬರಲಿ, ಸಂತೋಷ. ಆದರೆ ಬೆನ್ನ ಹಿಂದೆ ಮೂವತ್ತು ಜನ ಕಾಯುತ್ತಿರುವಾಗ ಮಂಡಿಯೂರಿದವರಿಗೂ ಅವಸರ, ಒಳಗೆ ಕೂತ ಪಾದ್ರಿಗಳಿಗೂ ಅವಸರ. ನಾನು ಪಾಸ್ಕಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಎರಡನೇ ಅಥವಾ ಮೂರನೇ ವಾರದಲ್ಲೇ, ಕೆಲಸದ ದಿನ, ಬೆಳಗಿನ ಪೂಜೆಗೆ ಅರ್ಧ ಗಂಟೆ ಮುಂಚೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಆ ಹೊತ್ತಿಗೆ ಸಾಲಿನಲ್ಲಿ ಇರುವುದು ಇಬ್ಬರು ಮೂವರು ಅಜ್ಜಿಯಂದಿರು ಮಾತ್ರ.

ವರ್ಷಕ್ಕೊಮ್ಮೆಯಾದರೂ ಕುಮ್ಸಾರ್ ಮಾಡಬೇಕೆಂಬ ನಿಯಮ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯದು. ಈಗಿನ ಸಭಾಕಾನೂನಿನಲ್ಲಿ ಅದು 989ನೇ ಕಲಮು, ಗಂಭೀರ ಪಾಪಗಳಿಗೆ ಅನ್ವಯ. ಇದು ಕನಿಷ್ಠ ಮಿತಿ. ಹನ್ನೆರಡು ತಿಂಗಳ ಹಿಂದಿನದನ್ನು ನೆನಪಿಟ್ಟುಕೊಳ್ಳುವುದು ಯಾರಿಗೂ ಸುಲಭವಲ್ಲ. ವರ್ಷಕ್ಕೊಮ್ಮೆ ಹೋಗುವವರ ಮಾತು "ಎಲ್ಲ ಇದ್ದದ್ದೇ ಫಾದರ್" ಎಂಬಲ್ಲಿಗೆ ಬಂದು ನಿಲ್ಲುವುದು ಅದಕ್ಕೇ. ತಿಂಗಳಿಗೊಮ್ಮೆ, ಹೆಚ್ಚೆಂದರೆ ಎರಡು ತಿಂಗಳಿಗೊಮ್ಮೆ ಹೋದರೆ ಲೆಕ್ಕ ಕೈಯಲ್ಲಿರುತ್ತದೆ.

ಎಲ್ಲಿಗೆ ಹೋಗುವುದು? ನಮ್ಮ ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರ ಬಳಿಯೇ ಹೋಗಬೇಕೆಂದಿಲ್ಲ. ಪಾಪನಿವೇದನೆ ಕೇಳುವ ಅಧಿಕಾರವಿರುವ ಯಾವ ಗುರುವನ್ನಾದರೂ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು 991ನೇ ಕಲಮು ಕೊಡುತ್ತದೆ. ಗುರುತಿನವರ ಮುಂದೆ ಬಾಯಿ ಬಾರದವರು ಹಂಪನಕಟ್ಟೆಯ ಮಿಲಾಗ್ರಿಸ್‌ಗೋ ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರಕ್ಕೋ ಹೋಗುತ್ತಾರೆ. ಉಡುಪಿ ಕಡೆಯವರಾದರೆ ಪೇಟೆಯ ಶೋಕಮಾತಾ ದೇವಾಲಯ, ಕಲ್ಯಾಣಪುರದ ಮಿಲಾಗ್ರಿಸ್ ಕೆಥೆಡ್ರಲ್. ಹೊತ್ತು ಗೊತ್ತಿಲ್ಲದಿದ್ದರೆ ನೋಟಿಸ್ ಬೋರ್ಡು ನೋಡಿ, ಇಲ್ಲವೇ ಇಗರ್ಜಿಯ ಆಫೀಸಿಗೆ ಫೋನ್ ಮಾಡಿ. ಭಾನುವಾರದ ಪೂಜೆ ಶುರುವಾಗಲು ಐದು ನಿಮಿಷ ಇರುವಾಗ, ಪೂಜಾವಸ್ತ್ರ ಹಾಕಿಕೊಳ್ಳುತ್ತಿರುವ ಪಾದ್ರಿಗಳನ್ನು ತಡೆದು "ಒಂದು ಕುಮ್ಸಾರ್ ಮಾಡಬೇಕಿತ್ತು" ಎನ್ನುವುದು ನಮ್ಮ ಕಡೆಯ ಹಳೇ ಕೆಟ್ಟ ಅಭ್ಯಾಸ. ಅವರು ಇಲ್ಲವೆನ್ನುವುದಿಲ್ಲ, ಆದರೆ ನಿಮಗೆ ಸಿಗುವುದು ಒಂದೂವರೆ ನಿಮಿಷ.

ತಪಸ್ಸುಕಾಲದಲ್ಲಿ ಇನ್ನೊಂದು ಅನುಕೂಲವಿದೆ. ವಾರಾಡೊದ, ಅಂದರೆ ಅಕ್ಕಪಕ್ಕದ ಇಗರ್ಜಿಗಳ ವಲಯದ, ಪಾದ್ರಿಗಳು ಸರದಿಯಂತೆ ಒಂದೊಂದು ಇಗರ್ಜಿಗೆ ಬಂದು ಒಟ್ಟಿಗೆ ಕೂರುತ್ತಾರೆ. ಮೊದಲು ವಾಚನ, ಪುಟ್ಟ ಪ್ರಸಂಗ, ಎಲ್ಲರೂ ಸೇರಿ ಆತ್ಮಶೋಧನೆ. ಆಮೇಲೆ ಒಬ್ಬೊಬ್ಬರೇ ಬೇಕಾದ ಪಾದ್ರಿಗಳ ಬಳಿ ಹೋಗುವುದು. ವಾರ್ಡಿನ ಮುಖಂಡರಾದ ಗುರ್ಕಾರರು ವಾಡೊವಾರು, ಅಂದರೆ ವಾರ್ಡುವಾರು, ಜನರನ್ನು ಎಬ್ಬಿಸಿ ಕಳಿಸುವುದರಿಂದ ನೂಕುನುಗ್ಗಲಿಲ್ಲ. ಒಟ್ಟಾಗಿ ಪ್ರಾರ್ಥಿಸಿದ ಮಾತ್ರಕ್ಕೆ ಪಾಪಕ್ಷಮೆ ಸಿಕ್ಕಿತೆಂದು ತಿಳಿದು ಮಧ್ಯದಲ್ಲೇ ಎದ್ದು ಮನೆಗೆ ಹೋಗುವವರಿದ್ದಾರೆ. 1973ರಲ್ಲಿ ರೋಮ್ ಪ್ರಕಟಿಸಿದ ವಿಧಿಯ ಪ್ರಕಾರ ಇದು ಎರಡನೇ ಬಗೆ. ಇದರಲ್ಲೂ ಒಬ್ಬೊಬ್ಬರೇ ಪಾಪ ಹೇಳಿ ಒಬ್ಬೊಬ್ಬರೇ ಕ್ಷಮೆ ಪಡೆಯಬೇಕು. ಮಂದಿಗೆಲ್ಲ ಒಂದೇ ಸಲಕ್ಕೆ ಕ್ಷಮೆ ಕೊಡುವ ಮೂರನೇ ಬಗೆ ಜೀವಾಪಾಯದಂಥ ತುರ್ತಿಗೆ ಮಾತ್ರ. ಅಲ್ಲಿಯೂ ಗಂಭೀರ ಪಾಪವನ್ನು ಆಮೇಲೆ ಅನುಕೂಲವಾದಾಗ ಗುರುವಿನ ಮುಂದೆ ಹೇಳುವ ಮನಸ್ಸಿರಬೇಕು.

ಪಾದ್ರಿಗಳು ಕೂರುವ ಕುಮ್ಸಾರಿನ ಪೆಟ್ಟಿಗೆಯ ಮುಂದೆ ಮೂರು ನಾಲ್ಕು ನಿಮಿಷ ಸಾಕು. ಅದಕ್ಕೆ ತಯಾರಾಗಲು ಮುನ್ನಾ ರಾತ್ರಿ ಇಪ್ಪತ್ತು ನಿಮಿಷವಾದರೂ ಬೇಕು. ಊಟ ಆಗಿ, ತೇರ್ಸ್ (ಜಪಮಾಲೆ) ಮುಗಿದು, ಟಿವಿ ಬಂದಾದ ಮೇಲೆ ಕೂರುವುದು ಒಳ್ಳೆಯದು. ಮೊದಲು ಪವಿತ್ರಾತ್ಮರಿಗೆ ಸಣ್ಣ ಪ್ರಾರ್ಥನೆ. ನಮ್ಮ ತಪ್ಪು ನಮಗೇ ಕಾಣುವುದು ಕಷ್ಟ, ಪಕ್ಕದ ಮನೆಯವರದು ದೀಪವಿಲ್ಲದೆಯೂ ಕಾಣುತ್ತದೆ. ಆಮೇಲೆ ಹತ್ತು ಆಜ್ಞೆಗಳನ್ನು ಒಂದರಿಂದ ಹಿಡಿದು ನೋಡುತ್ತ ಹೋಗುವುದು. ಲುಥರನ್ನರನ್ನು ಬಿಟ್ಟರೆ ಪ್ರೊಟೆಸ್ಟೆಂಟರ ಪುಸ್ತಕಗಳಲ್ಲಿ ಹೆಚ್ಚಾಗಿ ವಿಗ್ರಹದ ಮಾತು ಎರಡನೇ ಆಜ್ಞೆಯಾಗಿರುತ್ತದೆ. ಕಥೊಲಿಕರ ಎಣಿಕೆಯಲ್ಲಿ ಅದು ಮೊದಲನೆಯದರಲ್ಲೇ ಸೇರಿದ್ದು, ಪರರದ್ದಕ್ಕೆ ಆಸೆಪಡಬೇಡವೆಂಬ ಕೊನೆಯ ಆಜ್ಞೆ ಎರಡಾಗಿ ಒಡೆದಿದೆ. ನಮಗೆ ವ್ಯಭಿಚಾರ ಆರನೆಯದು, ಕಳವು ಏಳನೆಯದು. ನಂಬರ್ ಹೇಳಿ ನುಣುಚಿಕೊಳ್ಳಲು ನೋಡುವವರಿಗೆ ಇದು ಗೊತ್ತಿರಲಿ: "ಆರನೇ ಆಜ್ಞೆ ಫಾದರ್" ಎಂದಷ್ಟೇ ಹೇಳಿದರೆ ನಡೆಯುವುದಿಲ್ಲ.

ಆಜ್ಞೆಗಳನ್ನು ಹಳೇ ಪುಸ್ತಕದ ಭಾಷೆಯಲ್ಲಿ ಓದಿದರೆ ಒಂದೂ ತಾಗುವುದಿಲ್ಲ. "ಕೊಲ್ಲಬೇಡ"? ನಾನು ಯಾರನ್ನೂ ಕೊಂದಿಲ್ಲ, ಮುಂದೆ. ಹೀಗೇ ಹತ್ತೂ ದಾಟಿಬಿಡಬಹುದು. ಊರಿನ ಬದುಕಿಗೆ ಇಳಿಸಿ ಕೇಳಿಕೊಳ್ಳಬೇಕು. ಮೊದಲನೆಯದರಲ್ಲಿ: ಮಗಳ ಮದುವೆ ತಡವಾಯಿತೆಂದು ಗುಟ್ಟಾಗಿ ಹೋಗಿ ಪ್ರಶ್ನೆ ಇಡಿಸಿದ್ದುಂಟೋ, ತಾಯತ ಕಟ್ಟಿಸಿದ್ದುಂಟೋ. ಮೂರನೆಯದರಲ್ಲಿ: ಸೋಮಾರಿತನದಿಂದ ತಪ್ಪಿಸಿದ ಭಾನುವಾರದ ಪೂಜೆಗಳು. ನೈಟ್ ಡ್ಯೂಟಿ ಮಾಡಿದ ನರ್ಸು, ಜ್ವರದಲ್ಲಿ ಮಲಗಿದವರು ಇದನ್ನು ಪಾಪವೆಂದು ಎಣಿಸಬೇಕಾಗಿಲ್ಲ. ನಾಲ್ಕನೆಯದರಲ್ಲಿ: ಊರಿನ ಮನೆಯಲ್ಲಿ ಒಬ್ಬಳೇ ಇರುವ ಅಮ್ಮನಿಗೆ ದುಬೈಯಿಂದ ದುಡ್ಡು ಮಾತ್ರ ಕಳಿಸಿ ವಾರಗಟ್ಟಲೆ ಫೋನ್ ಮಾಡದಿರುವುದು. ಐದನೆಯದರಲ್ಲಿ: ಕುಡಿದು ಗಾಡಿ ಓಡಿಸಿದ್ದು, ಹಗೆ ಸಾಧಿಸಿದ್ದು. ಏಳನೆಯದರಲ್ಲಿ: ತೋಟಕ್ಕೆ ಬಂದ ಆಳಿನ ಸಂಬಳ ಹಿಡಿದಿಟ್ಟದ್ದು, ಪಡೆದ ಸಾಲ ಮರೆತಂತೆ ನಟಿಸಿದ್ದು. ಸುಳ್ಳುಸಾಕ್ಷಿ ಬೇಡವೆನ್ನುವ ಎಂಟನೆಯದರಲ್ಲಿ ವಾಟ್ಸಾಪ್ ಫಾರ್ವರ್ಡುಗಳನ್ನು ಸೇರಿಸಲೇಬೇಕು ಮಾರಾಯ್ರೆ.

ಮಾಡಿದ್ದರ ಜೊತೆಗೆ ಮಾಡಬೇಕಾಗಿದ್ದೂ ಮಾಡದೆ ಬಿಟ್ಟದ್ದನ್ನು ನೋಡಬೇಕು. ಇದನ್ನು ಬಹಳ ಜನ ಪೂರ್ತಿಯಾಗಿ ಮರೆಯುತ್ತಾರೆ.

ಪಾಪ ಗಂಭೀರವಾದದ್ದೋ ಹಗುರವಾದದ್ದೋ ಎಂದು ತೂಗಲು ಮೂರು ಪ್ರಶ್ನೆಗಳಿವೆ: ವಿಷಯ ಗಂಭೀರವೇ, ಅದು ತಪ್ಪೆಂದು ಪೂರ್ತಿ ಗೊತ್ತಿತ್ತೇ, ಬೇಕೆಂದೇ ಮನಸ್ಸು ಕೊಟ್ಟು ಮಾಡಿದ್ದೇ. ಮೂರಕ್ಕೂ ಹೌದಾದರೆ ಅದು ಮಾರಕ ಪಾಪ. ಅಂಥದ್ದನ್ನು ಬಗೆ ಮತ್ತು ಎಣಿಕೆ ಎರಡರ ಸಮೇತ ಹೇಳಲೇಬೇಕು. 988ನೇ ಕಲಮು ಕೇಳುವುದು ಇದನ್ನೇ. ಪಾಪದ ಜಾತಿಯನ್ನೇ ಬದಲಿಸುವ ಸಂದರ್ಭವಿದ್ದರೆ ಅದನ್ನೂ ಹೇಳಬೇಕೆಂದು 1551ರಲ್ಲಿ ಟ್ರೆಂಟ್ ಮಹಾಸಭೆ ಹೇಳಿತು. ಅಂಗಡಿಯ ಗಲ್ಲಾದಿಂದ ಕದ್ದದ್ದು ಕಳವು; ಇಗರ್ಜಿಯ ಕಾಣಿಕೆ ಪೆಟ್ಟಿಗೆಯಿಂದ ಕದ್ದರೆ ಕಳವಿನ ಜೊತೆಗೆ ಪವಿತ್ರ ವಸ್ತುವಿನ ಅಪಚಾರ. ಹಗುರ ಪಾಪಗಳನ್ನು ಹೇಳುವುದು ಕಡ್ಡಾಯವಲ್ಲ, ಹೇಳಿದರೆ ಒಳ್ಳೆಯದು. ಎಣಿಕೆ ನೆನಪಿಲ್ಲದಿದ್ದರೆ "ತಿಂಗಳಿಗೆ ಎರಡು ಮೂರು ಸಲ, ಒಂದು ವರ್ಷದಿಂದ" ಎಂಬ ಅಂದಾಜು ಸಾಕು.

ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು. ಹೆಸರು ಬರೆಯಬೇಡಿ, ಕೆಲಸ ಮುಗಿದ ಮೇಲೆ ಹರಿದು ಹಾಕಿ. ಮೊಬೈಲಿನಲ್ಲಿ ಬರೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದು ಎಲ್ಲೆಲ್ಲಿ ಉಳಿಯುತ್ತದೋ ಯಾರಿಗೆ ಗೊತ್ತು.

ಪಟ್ಟಿ ಸಿದ್ಧವಾದ ಮೇಲೆ ಪಶ್ಚಾತ್ತಾಪ. ಇಲ್ಲಿ ಭಕ್ತರು ಅನಾವಶ್ಯಕವಾಗಿ ಕಂಗೆಡುತ್ತಾರೆ: ಅಳು ಬರಲಿಲ್ಲ, ಎದೆ ಕರಗಲಿಲ್ಲ, ನನ್ನ ಪಶ್ಚಾತ್ತಾಪ ಸುಳ್ಳೇ? ಅಳು ಬೇಕೆಂದು ಸಭೆ ಎಲ್ಲೂ ಹೇಳಿಲ್ಲ. ಮಾಡಿದ್ದನ್ನು ಮನಸ್ಸು ಹೇಸಿ ದೂರ ಮಾಡಬೇಕು, ಮತ್ತೆ ಮಾಡುವುದಿಲ್ಲವೆಂದು ನಿರ್ಧರಿಸಬೇಕು, ಬೇಕಾದದ್ದು ಅಷ್ಟೇ. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದರೆ ಅದು ಪರಿಪೂರ್ಣ ಪಶ್ಚಾತ್ತಾಪ. ನರಕದ ಭಯದಿಂದ ಅಥವಾ ಪಾಪದ ಅಸಹ್ಯದಿಂದ ಹುಟ್ಟಿದರೆ ಅಪೂರ್ಣ. ಕುಮ್ಸಾರಿನಲ್ಲಿ ಅಪೂರ್ಣವಾದದ್ದೂ ಸಾಕಾಗುತ್ತದೆ. ಪರಿಪೂರ್ಣವಾದದ್ದು, ಆದಷ್ಟು ಬೇಗ ಕುಮ್ಸಾರ್ ಮಾಡುತ್ತೇನೆಂಬ ಸಂಕಲ್ಪದ ಜೊತೆಗಿದ್ದರೆ, ಗುರುವಿಲ್ಲದಾಗಲೂ ಮಾರಕ ಪಾಪಕ್ಕೆ ಕ್ಷಮೆ ತರುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಇಗರ್ಜಿಗಳ ಬಾಗಿಲು ಮುಚ್ಚಿದಾಗ ರೋಮ್ ನೆನಪಿಸಿದ್ದು ಇದನ್ನೇ.

"ನಾಳೆ ಮತ್ತೆ ಬೀಳುತ್ತೇನೇನೋ" ಎಂಬ ಭಯ ಬೇರೆ, "ಇವತ್ತು ಸಂಜೆ ಹೋಗುವವನೇ" ಎಂಬ ಯೋಜನೆ ಬೇರೆ. ಭಯವಿದ್ದರೂ ಕ್ಷಮೆ ಸಿಗುತ್ತದೆ. ಯೋಜನೆ ಇಟ್ಟುಕೊಂಡು ಬಂದವರಿಗೆ ಪಾದ್ರಿಗಳು ಬಾಯಿಮಾತಿನಲ್ಲಿ ಕ್ಷಮೆ ಕೊಟ್ಟರೂ ಅದು ಫಲಿಸುವುದಿಲ್ಲ.

ಇನ್ನು ಪೆಟ್ಟಿಗೆ. 16ನೇ ಶತಮಾನದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ರೂಢಿಗೆ ತಂದ ಮರದ ಪೀಠ ಇದು. ನಡುವೆ ಜಾಳಿಗೆ, ಈಚೆ ಮಂಡಿಯೂರುವ ಹಲಗೆ. ಈಗ ಹಲವು ಕಡೆ ಮುಖಾಮುಖಿ ಕುರ್ಚಿಯೂ ಇರುತ್ತದೆ. ಆಯ್ಕೆ ನಿಮ್ಮದು; ನನಗೆ ಜಾಳಿಗೆಯೇ ಹಿತ. ಮುಖ ಕಾಣದಿದ್ದರೆ ಮಾತು ನೇರವಾಗುತ್ತದೆ. ಕಿವಿ ಮಂದವಾದವರು ಕುರ್ಚಿ ಆರಿಸಿಕೊಳ್ಳುವುದು ಮೇಲು. ಫ್ಯಾನಿನ ಸದ್ದಿಗೆ ಧ್ವನಿ ಏರಿಸಿ ಸಾಲಿನವರಿಗೆಲ್ಲ ಕೇಳಿಸಿದ ಸಂದರ್ಭಗಳು ಕಡಿಮೆಯಿಲ್ಲ. ಸಾಲಿನಲ್ಲಿರುವವರೂ ನಾಲ್ಕು ಮಾರು ಹಿಂದೆ ನಿಲ್ಲಬೇಕು; ಆಕಸ್ಮಿಕವಾಗಿ ಏನಾದರೂ ಕಿವಿಗೆ ಬಿದ್ದರೆ ಅದನ್ನು ಗುಟ್ಟಾಗಿಡುವ ಹೊಣೆ ಅವರಿಗೂ ಇದೆ.

ಮಂಡಿಯೂರಿ ಶಿಲುಬೆಯ ಗುರುತು ಹಾಕಿ, ಕೊಂಕಣಿಯವರಾದರೆ "ಬೆಸಾಂವ್ ದಿ ಬಾಪಾ", ಕನ್ನಡದಲ್ಲಾದರೆ "ಆಶೀರ್ವದಿಸಿ ಫಾದರ್". ಕೊನೆಯ ಕುಮ್ಸಾರ್ ಆಗಿ ಎಷ್ಟು ಕಾಲವಾಯಿತು ಎಂಬುದು ಮೊದಲ ಮಾತು. ಮದುವೆಯಾಗಿದೆಯೋ, ಏನು ಕೆಲಸ ಎಂದು ಒಂದು ಸಾಲು ಸೇರಿಸಿದರೆ ಪಾದ್ರಿಗಳ ಬುದ್ಧಿಮಾತು ಗುರಿ ತಪ್ಪುವುದಿಲ್ಲ. ಆಮೇಲೆ ಪಾಪಗಳು, ಎಲ್ಲಕ್ಕಿಂತ ಕಷ್ಟವಾದದ್ದನ್ನು ಮೊದಲು. ಕೊನೆಗೆ ಇಟ್ಟುಕೊಂಡರೆ ಅದು ಗಂಟಲಲ್ಲೇ ಉಳಿಯುತ್ತದೆ. ಬೇಕೆಂದೇ ಒಂದು ಮಾರಕ ಪಾಪವನ್ನು ಮುಚ್ಚಿಟ್ಟರೆ ಹೇಳಿದ ಉಳಿದವೂ ಕ್ಷಮೆಯಾಗುವುದಿಲ್ಲ. ಇಡೀ ಕುಮ್ಸಾರನ್ನು ಮತ್ತೆ ಮಾಡಬೇಕು, ಮುಚ್ಚಿಟ್ಟದ್ದೂ ಸೇರಿ. ನಿಜವಾಗಿ ಮರೆತದ್ದಾದರೆ ಚಿಂತೆಯಿಲ್ಲ, ಅದೂ ಕ್ಷಮೆಯಲ್ಲಿ ಸೇರಿದೆ. ನೆನಪಾದರೆ ಮುಂದಿನ ಸಲ ಹೇಳಿದರಾಯಿತು.

ಸಾಮಾನ್ಯವಾಗಿ ಮಾತು ಸಾಗುವುದು ಹೀಗೆ:

"ಸುಳ್ಳು ಹೇಳಿದ್ದೇನೆ ಫಾದರ್. ಕೋಪ ಮಾಡಿದ್ದೇನೆ."

"ಯಾರ ಮೇಲೆ ಕೋಪ?"

"ತಮ್ಮನ ಮೇಲೆ."

"ಆಗಾಗ ಬೈಯುತ್ತೀರೋ, ಮಾತೇ ಬಿಟ್ಟಿದ್ದೀರೋ?"

"ಮಾತು ಬಿಟ್ಟು ನಾಲ್ಕು ವರ್ಷ ಆಯ್ತು. ಜಾಗದ ವಿಷಯ. ಅವನ ಹೆಂಡತಿಯೇ ಫಾದರ್, ಅವಳು ಬಂದ ಮೇಲೆ—"

"ಅವರ ಪಾಪ ಅವರು ಹೇಳುತ್ತಾರೆ. ನೀವು ನಿಮ್ಮದು ಹೇಳಿ."

ಆ ಕೊನೆಯ ಮಾತು ಪಾದ್ರಿಗಳ ಬಾಯಿಂದ ಬರುವಂತೆ ಮಾಡಬಾರದು. ಗಂಡನ ಕುಡಿತ, ಸೊಸೆಯ ಬಾಯಿ, ಅತ್ತೆಯ ಜಿಪುಣತನ ಇವೆಲ್ಲ ಕುಮ್ಸಾರಿನಲ್ಲಿ ಪಾಲು ಕೇಳುತ್ತವೆ. ಕೊಡಬಾರದು. "ಕೋಪ ಮಾಡಿದೆ" ಎನ್ನುವುದೂ ಹಾಗೆಯೇ, ಏನನ್ನೂ ಹೇಳದ ಮಾತು. ಆ ಒಂದು ಶಬ್ದದ ಹಿಂದೆ ನಾಲ್ಕು ವರ್ಷದ ಹಗೆ ಇರಬಹುದು, ಬೆಳಿಗ್ಗೆ ಚಾ ತಣ್ಣಗಾಯಿತೆಂದು ಗೊಣಗಿದ್ದೂ ಇರಬಹುದು. ಪಾದ್ರಿಗಳಿಗೆ ಕುತೂಹಲವಿದೆಯೆಂದು ಬೇಸರಪಡಬೇಡಿ. ಗಾಯ ಎಲ್ಲಿದೆಯೆಂದು ಗೊತ್ತಾಗದೆ ಅವರು ಮದ್ದು ಹೇಳುವುದು ಹೇಗೆ?

ಕೊನೆಗೆ "ಇವುಗಳಿಗೂ ನೆನಪಿಗೆ ಬಾರದ ಪಾಪಗಳಿಗೂ ಕ್ಷಮೆ ಬೇಡುತ್ತೇನೆ" ಎಂದರೆ ನಿಮ್ಮ ಪಾಲಿನ ಮಾತು ಮುಗಿಯಿತು. ಅವರು ಎರಡು ಮಾತು ಹೇಳಿ ಪ್ರಾಯಶ್ಚಿತ್ತ ಕೊಡುತ್ತಾರೆ. ಕೊಟ್ಟದ್ದು ಮಾಡಲಾಗದಂತಿದ್ದರೆ ಅಲ್ಲೇ ಹೇಳಿ. ಮಂಡಿನೋವಿನವರಿಗೆ ಹದಿನಾಲ್ಕು ಸ್ಥಳಗಳ ಶಿಲುಬೆಯ ಹಾದಿ ಕೊಟ್ಟಿದ್ದರೆ ಬದಲಿಸಿಕೊಡುತ್ತಾರೆ. ಆಮೇಲೆ ಪಶ್ಚಾತ್ತಾಪದ ಪ್ರಾರ್ಥನೆ. ಮರೆತುಹೋಗಿದ್ದರೆ ಸ್ವಂತ ಮಾತಿನಲ್ಲಿ ಹೇಳಬಹುದು, ಜಾಳಿಗೆಯ ಪಕ್ಕದಲ್ಲಿ ಚೀಟಿ ಅಂಟಿಸಿರುವುದೂ ಉಂಟು. ಅವರು ಕೈ ಚಾಚಿ ಕ್ಷಮೆಯ ವಾಕ್ಯ ಹೇಳುವಾಗ ಎದ್ದುಬಿಡಬೇಡಿ. ಪ್ರಾಯಶ್ಚಿತ್ತ ಕೇಳಿದ ಕೂಡಲೇ "ಥ್ಯಾಂಕ್ಯೂ ಫಾದರ್" ಎಂದು ಹೊರಟವರನ್ನು ಮತ್ತೆ ಕರೆದು ಕೂರಿಸಿದ್ದುಂಟು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಕ್ಷಮೆ ಕೊಡುವ ಆ ವಾಕ್ಯವೇ ತಿರುಳು. ಅದಕ್ಕೆ "ಆಮೆನ್" ಎಂದ ಮೇಲೆಯೇ ಏಳುವುದು.

ಗುಟ್ಟಿನ ವಿಷಯ. ಕೇಳಿದ್ದನ್ನು ಪಾದ್ರಿಗಳು ಯಾರಿಗೂ, ಬಿಷಪರಿಗೂ ಪೊಲೀಸರಿಗೂ ಹೇಳುವಂತಿಲ್ಲ. ಅದನ್ನು ನಿಮ್ಮ ವಿರುದ್ಧ ಯಾವ ರೀತಿಯಲ್ಲೂ ಬಳಸುವಂತಿಲ್ಲ. ನೇರವಾಗಿ ಬಯಲು ಮಾಡಿದ ಗುರುವಿಗೆ ಆ ಕ್ಷಣದಿಂದಲೇ ಬಹಿಷ್ಕಾರ. 2021ರ ಡಿಸೆಂಬರಿನಿಂದ ಜಾರಿಯಲ್ಲಿರುವ ತಿದ್ದುಪಡಿಯಲ್ಲಿ ಅದು 1386ನೇ ಕಲಮು. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದೂ ಅದೇ ಕಲಮಿನಲ್ಲಿ ಅಪರಾಧ, ಮಾಡಿದವರು ಯಾರೇ ಆಗಿರಲಿ. ಭಾಷೆ ಬಾರದಿದ್ದರೆ ದುಭಾಷಿಯನ್ನು ಇಟ್ಟುಕೊಳ್ಳಬಹುದು, ಅವರೂ ಗುಟ್ಟಿಗೆ ಬದ್ಧರು. ನಿಯಮದ ಇನ್ನೊಂದು ಮುಖ ಜನರಿಗೆ ತಿಳಿದಿಲ್ಲ: ಹೊರಗೆ ಸಿಕ್ಕಾಗ "ತಮ್ಮನ ವಿಷಯ ಏನಾಯ್ತು?" ಎಂದು ಪಾದ್ರಿಗಳು ತಾವಾಗಿ ಕೇಳುವಂತಿಲ್ಲ. ಸಲಹೆ ಮುಂದುವರಿಯಬೇಕಾದರೆ ನೀವೇ ಮಾತೆತ್ತಬೇಕು.

ಹೊರಗೆ ಬಂದ ಮೇಲೆ ಮೊದಲ ಬೆಂಚಿನಲ್ಲೇ ಪ್ರಾಯಶ್ಚಿತ್ತ ಮುಗಿಸುವುದು ಕ್ಷೇಮ. ಮರಿಯಮ್ಮನ ಪ್ರಾರ್ಥನೆ "ನಮಾನ್ ಮೊರಿಯೆ"ಯನ್ನು ಮೂರು ಸಲ ಹೇಳಲು ಎಷ್ಟು ಹೊತ್ತು ಬೇಕು? ಮನೆಗೆ ಹೋಗಿ ಹೇಳೋಣವೆಂದರೆ ಮರೆವು ಖಂಡಿತ. ಮರೆತರೂ ಸಿಕ್ಕ ಕ್ಷಮೆ ಹೋಗುವುದಿಲ್ಲ, ಋಣ ಮಾತ್ರ ಉಳಿಯುತ್ತದೆ. ಆದರೆ ಪ್ರಾರ್ಥನೆ ಹೇಳಿದ ಮಾತ್ರಕ್ಕೆ ಕೆಲಸ ಮುಗಿದಿರುವುದಿಲ್ಲ. ನಮ್ಮ ಊರಿನ ಕುಮ್ಸಾರ್ ಹೆಚ್ಚಾಗಿ ಕುಂಟುವುದು ಇಲ್ಲಿಯೇ, ನಷ್ಟ ತುಂಬಿಕೊಡುವಲ್ಲಿ.

ಕದ್ದದ್ದನ್ನು ಹಿಂದಿರುಗಿಸಬೇಕು. ಹೆಸರು ಹೇಳಿಕೊಂಡು ಹೋಗಬೇಕೆಂದಿಲ್ಲ. ಲಕೋಟೆಯಲ್ಲಿ ಹಾಕಿ ತಲುಪಿಸಿದರೂ ಆಗುತ್ತದೆ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರಿಗೆ, ಯಾರೆಂದೇ ಗೊತ್ತಿಲ್ಲದಿದ್ದರೆ ಬಡವರಿಗೆ. ಈಗ ಕೈಯಲ್ಲಿ ಇಲ್ಲವಾದರೆ ಆದಾಗ, ಕಂತಿನಲ್ಲಾದರೂ ಸರಿ. ಕದ್ದದ್ದರ ಬದಲಿಗೆ ಇಗರ್ಜಿಯ ಹಬ್ಬಕ್ಕೆ ದೊಡ್ಡ ದೇಣಿಗೆ ಕೊಟ್ಟು ಸಮಾಧಾನ ಪಡುವವರಿದ್ದಾರೆ. ಮಾಲೀಕ ಜೀವಂತವಿದ್ದು ವಿಳಾಸವೂ ಗೊತ್ತಿರುವಾಗ ಅದು ಲೆಕ್ಕಕ್ಕಿಲ್ಲ. ಗಡಿಕಲ್ಲು ಒಂದು ಮೊಳ ಆಚೆ ಸರಿಸಿದವರು ಅದನ್ನು ಈಚೆ ತಂದು ನೆಡಬೇಕು. ಅಷ್ಟರಲ್ಲಿ ಆರ್‌ಟಿಸಿಯಲ್ಲೂ ಹೆಸರು ಏರಿದ್ದರೆ ಸರ್ವೆಯವರನ್ನು ಕರೆಸಿ ತಿದ್ದಿಸಿಕೊಳ್ಳುವುದೂ ಪ್ರಾಯಶ್ಚಿತ್ತದ ಭಾಗವೇ. ಮೇಲೆ ಹೇಳಿದ ತಮ್ಮನ ಜಾಗ ನಿಜಕ್ಕೂ ಅಣ್ಣನ ಕೈಯಲ್ಲಿದ್ದರೆ, ಬರೀ ಮಾತಾಡಿಸಿದರೆ ಸಾಲದು.

ಹೆಸರಿಗೆ ಹಚ್ಚಿದ ಮಸಿ ಇನ್ನೂ ತೊಡಕಿನದು. ಹೇಳಿದ್ದು ಸುಳ್ಳಾಗಿದ್ದರೆ ದಾರಿ ನೇರ: ಯಾರ್ಯಾರಿಗೆ ಹೇಳಿದಿರೋ ಅವರ ಬಳಿ ಹೋಗಿ "ನಾನು ಹೇಳಿದ್ದು ಸುಳ್ಳು" ಎನ್ನಬೇಕು, ಗ್ರೂಪಿನಲ್ಲಿ ಹಾಕಿದ್ದರೆ ಅದೇ ಗ್ರೂಪಿನಲ್ಲಿ. ಹೇಳಿದ್ದು ನಿಜವೇ ಆಗಿದ್ದು, ಹೇಳಬಾರದ ಗುಟ್ಟಾಗಿದ್ದರೆ? ಅದನ್ನು ಸುಳ್ಳೆನ್ನುವಂತಿಲ್ಲ, ಅದು ಇನ್ನೊಂದು ಪಾಪ. "ನಾನು ಆ ಮಾತು ಎತ್ತಬಾರದಿತ್ತು" ಎಂದು ಹೇಳಿ, ಆ ವ್ಯಕ್ತಿಯ ಒಳ್ಳೆಯ ಗುಣಗಳನ್ನು ಅದೇ ಜನರೆದುರು ಆಡಿ, ಆದಷ್ಟು ತುಂಬಿಕೊಡಬೇಕು. ಪೂರ್ತಿ ತುಂಬುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಕರಾವಳಿಯಲ್ಲಿ ಎಲ್ಲ ಕ್ರೈಸ್ತರಿಗೂ ಇದೇ ಪದ್ಧತಿಯೆಂದಲ್ಲ. ಬಲ್ಮಠದ ಶಾಂತಿ ಕೆಥೆಡ್ರಲಿನಂಥ, ಪ್ರೊಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಆರಾಧನೆಯಲ್ಲೇ ಎಲ್ಲರೂ ಸೇರಿ ಪಾಪ ಅರಿಕೆ ಮಾಡುತ್ತಾರೆ, ಪಾದ್ರಿಯವರ ಮುಂದೆ ಒಬ್ಬೊಬ್ಬರೇ ಹೇಳುವ ಕಡ್ಡಾಯವಿಲ್ಲ. ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆಯಲ್ಲಿ ಗುರುವಿನ ಮುಂದೆ ಹೇಳುವ ಕ್ರಮವಿದೆ. ದೀಕ್ಷಾಸ್ನಾನದ ನೀರು ಒಮ್ಮೆ ತೊಳೆದ ಮೇಲೆ ಮತ್ತೆ ಪಾಪದಲ್ಲಿ ಮುಳುಗಿದವರಿಗೆ ಕುಮ್ಸಾರ್ ಒಡೆದ ಹಡಗಿನ ಎರಡನೇ ಹಲಗೆ ಎಂದು ಸಭೆಯ ಹಿಂದಿನ ಪಿತೃಗಳು ಹೇಳಿದ್ದನ್ನು ಟ್ರೆಂಟ್ ಮಹಾಸಭೆಯೂ ಎತ್ತಿಕೊಂಡಿತು.

ಉಲ್ಟಾ ತೊಂದರೆಯವರೂ ಇದ್ದಾರೆ: ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವವರು, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ನಿದ್ದೆಗೆಡುವವರು. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ, ಮುಂದೆ ಯೇಸುಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸರನ್ನೂ ಇದು ಹಿಂಡಿತ್ತು. ಅಂಥವರು ಊರೆಲ್ಲ ಸುತ್ತಿ ಹತ್ತು ಪಾದ್ರಿಗಳನ್ನು ಕೇಳಬಾರದು. ಒಬ್ಬರನ್ನೇ ಹಿಡಿದು, ಅವರು "ಇದನ್ನು ಇನ್ನು ಹೇಳಬೇಡಿ" ಎಂದರೆ ನಿಲ್ಲಿಸಬೇಕು. ಇಡೀ ಜೀವನದ ಕುಮ್ಸಾರ್ ಮಾಡಬೇಕೆನ್ನುವ ಆಸೆಯಿದ್ದರೆ ಸಾಲಿನಲ್ಲಿ ಬೇಡ, ಧ್ಯಾನಕೂಟಕ್ಕೆ ಹೋಗಿ. ಕಂಕನಾಡಿಯ ಫಾತಿಮಾ ರಿಟ್ರೀಟ್ ಹೌಸ್, ಮುಲ್ಕಿಯ ಡಿವೈನ್ ಕಾಲ್ ಸೆಂಟರ್‌ನಂಥ ಕಡೆ ಅದಕ್ಕೆಂದೇ ಹೊತ್ತು ಸಿಗುತ್ತದೆ.

ಸಾಲಿನಲ್ಲಿ ಬಗೆಹರಿಯದ ಸಂಗತಿ ಇನ್ನೊಂದಿದೆ. ಮೊದಲ ಮದುವೆ ಸಭೆಯಲ್ಲಿ ಊರ್ಜಿತವಾಗಿರುವಾಗಲೇ ರಿಜಿಸ್ಟ್ರಾರ್ ಆಫೀಸಿನಲ್ಲಿ ಎರಡನೇ ಮದುವೆಯಾದವರು ಪವಿತ್ರ ವಾರದಲ್ಲಿ ಬಂದು, ಕ್ಷಮೆ ಸಿಗಲಿಲ್ಲವೆಂದು ನೊಂದುಕೊಂಡು ಹೋಗುತ್ತಾರೆ. ಮೂರು ನಿಮಿಷದಲ್ಲಿ ಯಾವ ಪಾದ್ರಿಗಳೂ ಅದನ್ನು ಬಿಡಿಸಲಾರರು. ವಿಗಾರರಿಗೆ ಫೋನ್ ಮಾಡಿ ಹೊತ್ತು ಕೇಳಿ, ದೀಕ್ಷಾಸ್ನಾನದ ಮತ್ತು ಮದುವೆಯ ಸರ್ಟಿಫಿಕೇಟ್, ಕೋರ್ಟಿನ ಡಿಕ್ರಿ ಇದ್ದರೆ ಅದನ್ನೂ ಹಿಡಿದುಕೊಂಡು ಆಫೀಸಿಗೆ ಹೋಗಿ ಕೂತು ಮಾತಾಡಬೇಕು. ಅಲ್ಲಿಂದ ಅದು ಧರ್ಮಪ್ರಾಂತ್ಯದ ನ್ಯಾಯಪೀಠಕ್ಕೆ ಹೋಗಬೇಕೋ ಬೇಡವೋ ಎಂದು ಅವರೇ ಹೇಳುತ್ತಾರೆ. ಪಾಸ್ಕ ಕಳೆದ ವಾರ ಅವರಿಗೂ ಸ್ವಲ್ಪ ಪುರುಸೊತ್ತಿರುತ್ತದೆ.